ಕಲ್ಲು ಕಡಿಯುವ ಸಾಹೇಬ

ಎಂಬತ್ತರ ದಶಕದಲ್ಲಿ ದಿಗ್ಗೇವಾಡಿಯ ಕಬ್ಬಿನ ಹೊಲವೊಂದರಲ್ಲಿ ಬೋರು ಕೊರೆಸಿ, ಆಳದಿಂದ ಬಂದ ಶೇಲ್ ಎಂಬ ಪದರುಗಲ್ಲನ್ನು ಪರೀಕ್ಷಿಸುವುದು ಭೂವಿಜ್ಞಾನಿಯಾದ ನನ್ನ ಕೆಲಸವಾಗಿತ್ತು. ಆಗ ನಾವು ಒಂದು ಚೂರನ್ನು ಹಲ್ಲಿನಿಂದ ಕಡಿದು ನೋಡುತ್ತಿದ್ದೆವು. ನುಣ್ಣಗಾದರೆ ಜೇಡಿ, ಕರಕರ ಅಂದರೆ ಮರಳು.

ಅದನ್ನು ಕಂಡ ಹೊಲದ ಮಾಲಕಿ, ಊರೆಲ್ಲ ಆಯಿ ಅನ್ನುತ್ತಿದ್ದ ಮುದುಕಿ, ಬೋರು ಕೊರೆಯುವ ಯಂತ್ರವನ್ನೇ ನಿಲ್ಲಿಸಿಬಿಟ್ಟಳು.

"ಬಸುರಿ ಹೆಣ್ಮಕ್ಳು ಮಣ್ಣು ತಿನ್ನೂದು ನೋಡೇನಿ. ನಿಮಗೇನಾಗೇತ್ರಿ ಸಾಹೇಬ್ರ?"

"ಪರೀಕ್ಷಾ ಮಾಡಾಕತ್ತೇನ್ರಿ, ಆಯಿ."

"ಪರೀಕ್ಷಾ ಆಮ್ಯಾಲ. ಮೊದಲ ಉಣ್ರಿ."

ಬಿಸಿ ರೊಟ್ಟಿ, ಪುಂಡಿಪಲ್ಯ ಬಂದವು. ನಾನು ಉಂಡು ಏಳುವ ತನಕ ಯಂತ್ರ ಮುಟ್ಟಲು ಆಯಿ ಯಾರನ್ನೂ ಬಿಡಲಿಲ್ಲ. ಮರುದಿನದಿಂದ ನಾನು ಮಧ್ಯಾಹ್ನದ ಪರೀಕ್ಷೆಯನ್ನು ಆಯಿಯ ಗುಡಿಸಲಿನ ಎದುರಿಗೇ ಮಾಡತೊಡಗಿದೆ.

ಈಗ ಆ ಕೆಲಸವನ್ನು ಪ್ರಯೋಗಾಲಯದ ಯಂತ್ರ ಮಾಡುತ್ತದೆ. ಪಾಪ, ಉಂಡಿಯಾ ಅಂತ ಅದನ್ನು ಯಾರೂ ಕೇಳುವುದಿಲ್ಲ.