ಚಾತುರ್ಮಾಸದಲ್ಲಿ ಅಳಿಸಿಹೋದ ವಧೂವರರು

ಪುಣೆಯ ಸದಾಶಿವ ಪೇಠೆಯ ವಾಸಂತಿ ಘಾಟ್‌ಪಾಂಡೆಯವರನ್ನು ಈ ಲೇಖಕ ಎರಡು ವರ್ಷ ಮದುವೆ ಕುದುರಿಸುವವರೆಂದೇ ತಿಳಿದಿದ್ದ. ಅಣ್ಣನ ಮಗನ ಫೋಟೋ ಹಿಡಿದು ಹೋದಾಗ ಅವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಹುಡುಗನ್ನ ನೋಡೋರು ಆ ಮೇಜಿನವರು. ಅವನು ಕಂಪ್ಯೂಟರಲ್ಲಿ ಎಷ್ಟು ದಿನ ಇರಬೇಕು ಅಂತ ನೋಡೋಳು ನಾನು" ಎಂದರು. ಏನೂ ಅರ್ಥವಾಗದೆ ಫೋಟೋ ವಾಪಸು ಬಂತು.

ಅರ್ಥವಾಗದ ಪಾಡು, ಎಲ್ಲರ ಬಾಯಲ್ಲೂ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ವಾಸಂತಿಯವರದೂ ಹೌದು. ಅಣ್ಣಾಸಾಹೇಬ ದಾಮ್ಲೆಯವರ ವಧೂವರ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಅರ್ಜಿ ಟೈಪು ಮಾಡಿದವರಿಗೆ, ಐವತ್ತಮೂರನೆಯ ವಯಸ್ಸಿಗೆ, ಜಾಲತಾಣದ ಹುಡುಕಾಟದ ಉಸ್ತುವಾರಿ ಗಂಟುಬಿದ್ದಿತ್ತು. ಹುಡುಕಾಟ ತೆವಳುತ್ತಿತ್ತು. ಅದಕ್ಕೊಂದು ಏರ್ಪಾಡು: ಆಯಾ ತಿಂಗಳು ನೋಂದಾಯಿಸಿದವರ ಸೂಚಿ, ಅಂದರೆ ಹುಡುಕಿದರೆ ಹೆಸರು ಸಿಗುವ ಪಟ್ಟಿ, ಒಂದೊಂದು ಡಬ್ಬಿ. ಹೊಸ ಡಬ್ಬಿ ವೇಗದ ಯಂತ್ರದಲ್ಲಿ, ಮುಚ್ಚಿ ತಿಂಗಳಾದದ್ದು ನಿಧಾನದ ಯಂತ್ರಕ್ಕೆ, ಇಂತಿಷ್ಟು ದಿನವಾದ ಮೇಲೆ ಅಳಿಸುವುದು. ಒಮ್ಮೆ ನಿಯಮ ಬರೆದಿಟ್ಟರೆ ಯಂತ್ರ ತಾನೇ ಮಾಡಿಕೊಂಡು ಹೋಗುತ್ತದೆ.

"ಎಷ್ಟು ದಿನಕ್ಕೆ ಅಳಿಸಲಿ, ಅಣ್ಣಾಸಾಹೇಬ?"

ಅಣ್ಣಾಸಾಹೇಬರು ಹೆಗಲ ಮೇಲಿನ ಉಪರಣೆ ಸರಿಮಾಡಿಕೊಂಡರು. "ತೊಂಬತ್ತು. ಬರ್ಕೊಳ್ಳಿ. ತೊಂಬತ್ತು ದಿನದಲ್ಲಿ ಕೂಡಿಬರದ ಸಂಬಂಧ ಕೂಡಿಬರಲ್ಲ. ನನ್ನ ನಲವತ್ತು ವರ್ಷದ ಅನುಭವ."

ಕಾಕು ಬರೆದರು. ಅವತ್ತು ಆಷಾಢ ಏಕಾದಶಿಯ ಮಾರನೆಯ ದಿನ.

ಚಾತುರ್ಮಾಸಕ್ಕೆ ದೇವರು ಮಲಗಿದ ಮೇಲೆ ಮದುವೆಯ ಮಾತೆತ್ತುವವರು ಯಾರು? ಫೋನು ಬಾಯಿ ಮುಚ್ಚಿತು. ಅಣ್ಣಾಸಾಹೇಬರ ಮಧ್ಯಾಹ್ನದ ನಿದ್ದೆ ಒಂದರಿಂದ ಐದು ಗಂಟೆಯವರೆಗೆ ಬೆಳೆಯಿತು. ಪರದೆಯಲ್ಲಿ ಮಾತ್ರ ದಿನವೂ ಹಸಿರು ದೀಪ: ಕೆಲಸ ಯಶಸ್ವಿಯಾಗಿದೆ. ಯಾವ ಕೆಲಸ ಎಂದು ಕಾಕು ಕೇಳಲಿಲ್ಲ. ಹಸಿರು ಕಂಡರೆ ಸಾಕು, ಚಹಾಕ್ಕೆ ಏಳುವರು.

ತುಳಸಿ ಲಗ್ನದ ಮರುದಿನ ಬಾಗಿಲು ತೆಗೆಯುವಷ್ಟರಲ್ಲಿ ಕುಮುದ ಫಾಟಕ್ ಮೆಟ್ಟಿಲ ಮೇಲೆ ನಿಂತಿದ್ದಳು. ಶಾಲೆಯೊಂದರ ಗ್ರಂಥಪಾಲಕಿ, ಮೂವತ್ತೊಂಬತ್ತು. ಇದೇ ಕೊನೆ ಸಲ ಎಂದು ಜೂನಿನಲ್ಲಿ ಹೆಸರು ಬರೆಸಿದ್ದವಳು.

"ಕಾಕು, ನಮ್ಮಮ್ಮನ ತಂಗಿ ಮಾವಶಿ ಹೇಳಿದ್ರು ಅಂತ ನಾಸಿಕದ ಗಂಡಿನ ಕಡೆಯವರು ನಿಮ್ಮಲ್ಲಿ ನನ್ನ ಹುಡುಕಿದ್ರಂತೆ. ಸಿಗಲಿಲ್ವಂತೆ. ಮದುವೆ ಆಗಿರಬೇಕು ಅಂತ ಇವತ್ತು ಸಂಜೆ ಬೇರೆ ಹುಡುಗಿ ನೋಡೋಕೆ ಹೊರಟಿದ್ದಾರೆ. ನಾನೂ ಹುಡುಕ್ದೆ. ನನಗೂ ನಾನು ಸಿಗಲಿಲ್ಲ!"

ಕಾಕು ಹುಡುಕಿದರು. ಇಲ್ಲ. ಕನ್ನಡಕ ಒರೆಸಿ ಹುಡುಕಿದರು. ಇಲ್ಲ. ಕಂಪ್ಯೂಟರು ಆರಿಸಿ ಹೊತ್ತಿಸಿದರು. ಕುಮುದಳೇನು, ಇಡೀ ಕೇಂದ್ರದಲ್ಲಿ ಉಳಿದದ್ದು ಹನ್ನೊಂದೇ ಜನ, ಅದರಲ್ಲಿ ಒಂಬತ್ತು ಗಂಡಸರು, ಎಲ್ಲ ಚಾತುರ್ಮಾಸವನ್ನು ಲೆಕ್ಕಿಸದೆ ನೋಂದಾಯಿಸಿದ ಆಸಾಮಿಗಳು. ದೀಪ ಮಾತ್ರ ಹಸಿರು. ಎಲ್ಲ ಸರಿಯಿದ್ದು ಏನೂ ಇಲ್ಲದಿರುವುದು ಹೇಗೆಂದು ಕಾಕುವಿನ ತಲೆ ಗಿರ್ರೆಂದಿತು. ಕೊನೆಗೆ ನಿಯಮ ತೆರೆದು ತೊಂಬತ್ತನ್ನು ನೋಡಿದರು, ಬೆರಳು ಮಡಚಿ ತಿಂಗಳು ಎಣಿಸಿದರು. ದೇವರ ನಿದ್ದೆಯೇ ನಾಲ್ಕು ತಿಂಗಳು!

"ಯಂತ್ರದ ತಪ್ಪು," ಅಣ್ಣಾಸಾಹೇಬರು ತೀರ್ಪು ಕೊಟ್ಟರು.

"ಅಂದ್ರೆ ನಾನು ಪೂರ್ತಿ ಹೋದೆನಾ ಕಾಕು?"

"ತಡಿ ಮಾರಾಯ್ತಿ. ನಿನ್ನ ಅರ್ಜಿ ಮೂಲ ದಾಖಲೆಯಲ್ಲಿ ಹಾಗೇ ಇದೆ. ಹೋಗಿರೋದು ಬರೀ ಸೂಚಿ... ಅನ್ಸುತ್ತೆ."

"ಓ! ಕಾರ್ಡು ಹರಿದಿದ್ದೀರಿ, ಪುಸ್ತಕ ಕಪಾಟಲ್ಲೇ ಇದೆ. ಹೊಸ ಕಾರ್ಡು ಬರೀರಿ, ಅಷ್ಟೆ!"

ತಮ್ಮ ಕೆಲಸವೇನೆಂದು ಕಾಕುವಿಗೆ ಅಂದೇ ಮೊದಲು ತಿಳಿದದ್ದು. ಮೂಲ ದಾಖಲೆಯಿಂದ ಸೂಚಿಯನ್ನು ಮತ್ತೆ ಕಟ್ಟಲು ಹಚ್ಚಿದರು. ಮದುವೆಯಾದವರಿಗೆ ಬೇರೆ ಡಬ್ಬಿ. ಅಳಿಸುವುದು ಅದನ್ನು ಮಾತ್ರ ಎಂದು ನಿಯಮ ತಿದ್ದಿದರು. ಒಂದು ಗಂಟೆಯ ಒಳಗೆ ಕುಮುದ ಪರದೆಯಲ್ಲಿ ಕಾಣಿಸಿಕೊಂಡಳು. ಮಾವಶಿ ನಾಸಿಕಕ್ಕೆ ಫೋನು ಮಾಡಿದರು. ಸಂಜೆಯ ಪ್ರಯಾಣ ನಿಂತಿತು, ಭಾನುವಾರ ಇಲ್ಲಿಗೇ ಬರುತ್ತಾರಂತೆ. ಕುಮುದ ಕಾಕುವಿನ ಕೈಗೆ ಬಾಕರವಡಿ ತಿಂಡಿಯ ಪೊಟ್ಟಣ ತುರುಕಿ ಓಡಿದಳು.

ಅಣ್ಣಾಸಾಹೇಬರು ಒಂದು ಬಾಕರವಡಿ ಎತ್ತಿಕೊಂಡು ಗಂಭೀರವಾಗಿ ಕೇಳಿದರು: "ವಾಸಂತಿಬಾಯಿ, ಆ ಯಂತ್ರಕ್ಕೆ ಪಂಚಾಂಗ ಕಲಿಸೋಕಾಗಲ್ವಾ?"

"ಕಲಿಸಬಹುದು. ಆದ್ರೆ ತೊಂಬತ್ತು ಅಂದೋರು ನಲವತ್ತು ವರ್ಷದಿಂದ ಪಂಚಾಂಗದ ಪಕ್ಕದಲ್ಲೇ ಕೂತಿದ್ದಾರೆ."