ಡ್ಯಾಫ್ನಿ ಎಂದು ಕೂಗಿದ ಸೋದರತ್ತೆ

ನಮ್ಮ ಧಾರವಾಡದ ಕಡೆ, ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಕೂಗುವವಳು ಸೋದರತ್ತೆ. ಅವಳು ಕೂಗುವಾಗ ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳ ಬಾಯಿಂದ ಬರದ ಹೆಸರು ನಮ್ಮಲ್ಲಿ ಹೆಸರೇ ಅಲ್ಲ. ಪರದೇಶದ ಯೂನಿಯನ್‌ವಿಲ್ಲಿನಲ್ಲಿರುವ ತಮ್ಮನ ಮನೆಯಲ್ಲಿ ಆ ಸೋದರತ್ತೆ ನಾನು. ಮದುವೆಯಾಗದವಳು, ಮೂಗಿನ ತುದಿಯಲ್ಲೇ ಸಿಟ್ಟಿರುವವಳು.

ತಮ್ಮನ ಹೆಂಡತಿ ಗ್ರೀಕ್ ಮನೆತನದವಳು. ಮಗಳಿಗೆ ತನ್ನ ಅಜ್ಜಿಯ ಹೆಸರು, ಡ್ಯಾಫ್ನಿ, ಇಡಬೇಕೆಂದು ಅವಳ ಆಸೆ. ಹಾಗೆಂದರೇನು ಎಂದು ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಅಡುಗೆಮನೆಯಲ್ಲಿ ಕೇಳಿದೆ. ತನ್ನ ಬೇಳೆ ಸೂಪಿಗೆ ಹಾಕುವ ಬೇ ಲೀಫ್ ಎಂಬ ಒಣ ಎಲೆಗಳ ಡಬ್ಬಿ ತೆಗೆದು ತೋರಿಸಿದಳು. ಆ ಎಲೆಯ ಮರವೇ ಡ್ಯಾಫ್ನಿಯಂತೆ. ಮೊದಲು ಅವಳು ನದಿದೇವರ ಮಗಳು, ಮದುವೆಯೇ ಬೇಡವೆಂದು ಕಾಡಿನಲ್ಲಿ ಬೇಟೆಯಾಡಿಕೊಂಡಿದ್ದವಳು. ಅಪೊಲೊ ಎಂಬ ದೇವರು ಮೋಹಿಸಿ ಬೆನ್ನು ಹತ್ತಿದ. ಓಡಿ ಓಡಿ ಸೋತವಳು ಅಪ್ಪನನ್ನು ಕೂಗಿದಳು. ಅಪೊಲೊನ ಕೈಗೆ ಸಿಗುವ ಮೊದಲೇ ಅಪ್ಪ ಮಗಳನ್ನು ಮರವಾಗಿಸಿದ.

ನನಗೆ ಪಿತ್ತ ನೆತ್ತಿಗೇರಿತು. “ಓಡಿ ಓಡಿ ಗಿಡಾ ಆದಾಕಿ ಹೆಸರು ನಾ ಕೂಸಿನ ಕಿವ್ಯಾಗ ಹೇಳಾಂಗಿಲ್ಲ,” ಎಂದೆ.

“ಅಕ್ಕಾ, ಪ್ಲೀಸ್. ಆಕಿ ಫೀಲ್ ಮಾಡ್ಕೋತಾಳ,” ಎಂದ ತಮ್ಮ.

ಮಾತು ತಿಳಿಯದಿದ್ದರೂ ಅವಳಿಗೆ ನನ್ನ ಮುಖ ತಿಳಿಯಿತು. ಡಬ್ಬಿ ಮುಚ್ಚಿಟ್ಟು ಕೂಸಿನ ಹತ್ತಿರ ಹೋಗಿ ಕುಳಿತಳು.

ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅವ್ವನಿಗೆ ತಮ್ಮ ಆ ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳಿದ. ಮದುವೆ ಒಲ್ಲದವಳ ಹೆಸರನ್ನು ಅವ್ವ ಒಪ್ಪಲಾರಳು, ನನ್ನ ಪರವೇ ಎಂಬ ಖಾತ್ರಿ ನನಗಿತ್ತು. ನೋಡಲು ಬಂದ ವರಗಳನ್ನೆಲ್ಲ ನಾನು ಒಲ್ಲೆನೆಂದಾಗ ಅಪ್ಪ ಹೂಂ ಅಂದಿದ್ದ. ಮಗಳನ್ನು ತಲೆಯ ಮೇಲೆ ಕೂರಿಸಿಕೊಂಡೆ ಎಂದು ಅವ್ವ ಅವನನ್ನು ಅವನು ಇರುವವರೆಗೂ ಬೈದಳು. ಹೋದ ಮೇಲೂ ಬಿಡಲಿಲ್ಲ.

ಅವ್ವ ಸೊಪ್ಪು ಕೆಳಗಿಟ್ಟಳು. “ಮಗಳು ಒಲ್ಲೆ ಅಂದ್ಳು, ಅಪ್ಪ ಕೇಳಿದ. ಅಷ್ಟ ಹೌದಲ್ಲೋ?”

“ಹೌದವ್ವಾ,” ಎಂದ ತಮ್ಮ.

ಅವ್ವ ನನ್ನ ಕಡೆ ತಿರುಗಿದಳು. “ನಿಮ್ಮಪ್ಪನೂ ಕೇಳಿದ್ದ. ಛಲೋ ಮಾಡಿದ. ಹೇಳು, ಅದs ಹೆಸರು ಹೇಳು.”

ಅಪ್ಪನ ಬಗ್ಗೆ ಅಂಥ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಳಗೆ ಹೋಗಿ ತಮ್ಮನ ಹೆಂಡತಿಯ ಪಕ್ಕ ಕುಳಿತು, ಹೆಸರನ್ನು ಸರಿಯಾಗಿ ಹೇಳಿಕೊಡು ಎಂದು ಕೇಳಿಕೊಂಡೆ.

ಮರುದಿನ ತೊಟ್ಟಿಲಿಗೆ ಬಗ್ಗಿ ‘ಕುರ್ರ್, ಡ್ಯಾಫ್ನಿ’ ಎಂದು ಕೂಗಿದೆ. ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು ಅವ್ವನದು. ಇನ್ನೊಂದು ಬೀಳಲೆಂದು ಮತ್ತೊಮ್ಮೆ ಕೂಗಿದೆ.