ಮೊದಲೇ ಹೇಳಿಬಿಡುತ್ತಿದ್ದ ಮೇಷ್ಟ್ರು

ಮೊನ್ನೆ ಮೆಲ್ಬರ್ನಿನ ಬಾಕ್ಸ್ ಹಿಲ್‌ನ ನಮ್ಮ ಆಫೀಸಿನಲ್ಲಿ ಮೀಟಿಂಗ್ ಶುರುವಾಗುವ ಹೊತ್ತಿಗೆ ಯಾರೋ ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರು. ಆ ವಾಸನೆ ಇದೆಯಲ್ಲ, ಸ್ಪಿರಿಟ್ಟಿನ ಹಾಗೆ ಮೂಗಿಗೆ ಹೊಡೆಯುವಂಥದ್ದು... ಅದು ಬಂದದ್ದೇ ತಡ, ನಾನು ಮೀಟಿಂಗಿನಲ್ಲಿ ಇರಲೇ ಇಲ್ಲ. ಕ್ರೇಗಿಬರ್ನ್‌ನ ಒಂದು ಅಡುಗೆಮನೆಯಲ್ಲಿ, ಹಳೇ ಬಿಳಿ ಫ್ರಿಜ್ಜಿನ ಮುಂದೆ ನಿಂತಿದ್ದೆ. ಮ್ಯಾನೇಜರ್ ಏನೋ ಕೇಳಿದರು. ಇನ್ನೊಂದು ಚೂರಿದ್ದರೆ "ಕಾಫಿಪುಡಿ ಮುಗಿದಿದೆ" ಅಂದುಬಿಡುತ್ತಿದ್ದೆ.

ಆ ಫ್ರಿಜ್ಜು ಮೇಷ್ಟ್ರದ್ದು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ನಾನು ಅವರ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೆ. ಪಾಠ ಹೇಳುವುದು ಬಿಟ್ಟು ವರ್ಷಗಳಾಗಿದ್ದರೂ ಸಬರ್ಬಿನ ಕನ್ನಡದವರೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಬರೆಯಲು ಬೋರ್ಡಿಲ್ಲದ ಮನುಷ್ಯ, ಪಾಪ, ಫ್ರಿಜ್ಜಿನ ಬಾಗಿಲ ಮೇಲೆ ಬರೆಯುತ್ತಿದ್ದರು. ಎಡಗಡೆ ಇವತ್ತು ಮುಗಿದ ಸಾಮಾನು, ಬಲಗಡೆ ನಾಳೆ ಮುಗಿಯಲಿರುವ ಸಾಮಾನು, ಎಲ್ಲ ಇಂಗ್ಲಿಷಿನಲ್ಲಿ, ಪೂರ್ತಿ ವಾಕ್ಯಗಳಲ್ಲಿ, ಕೆಳಗೆ ಗೆರೆ ಎಳೆದು. ಅವರ ಹೆಂಡತಿ, ನಾನು ಆಂಟಿ ಅನ್ನುತ್ತಿದ್ದವರು, ಒದ್ದೆ ಬಟ್ಟೆ ತಂದು ಒರೆಸುತ್ತಿದ್ದರು. ಮೇಷ್ಟ್ರು ಮತ್ತೆ ಬರೆಯುತ್ತಿದ್ದರು. ಆ ಮನೆಯಲ್ಲಿ ಒಗ್ಗರಣೆ ವಾಸನೆಗಿಂತ ಮಾರ್ಕರ್ ವಾಸನೆಯೇ ಜಾಸ್ತಿ.

ರೂಮು ನೋಡಲು ಹೋದ ದಿನ ಚಿತ್ರದುರ್ಗದಿಂದ ಅಮ್ಮನೂ ವಿಡಿಯೊ ಕಾಲ್‌ನಲ್ಲಿ ಜೊತೆಗಿದ್ದಳು. ಬಾಗಿಲು ತೆಗೆದವರು ಸ್ವೆಟರ್ ಹಾಕಿಕೊಂಡ ತೆಳ್ಳಗಿನ ಮನುಷ್ಯ. ನಮಸ್ಕಾರಕ್ಕೆ ನಮಸ್ಕಾರ ಅಂದು, ಹೊಸ್ತಿಲ ಆಚೆಯೇ ನನ್ನನ್ನು ನಿಲ್ಲಿಸಿ ಹೇಳಿದರು: "ನೋಡಮ್ಮಾ, ಮೊದಲೇ ಹೇಳಿಬಿಡ್ತೀನಿ. ನನ್ನ ಮೇಲೆ ಒಂದು ಕನ್ವಿಕ್ಷನ್ ಇದೆ, ಕೋರ್ಟಲ್ಲಿ ಶಿಕ್ಷೆ ಆಗಿದೆ."

ನನ್ನ ಕೈಯಲ್ಲಿದ್ದ ಫೋನಿನಲ್ಲಿ ಅಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅಷ್ಟರಲ್ಲಿ ಒಳಗಿಂದ ಮಿಕ್ಸಿ ನಿಲ್ಲಿಸಿ ಆಂಟಿ ಕೂಗಿದರು. "ಕೊಲೆ ಗಿಲೆ ಅಲ್ಲಮ್ಮಾ! ಪರೀಕ್ಷೆ ಬರೆದಿದ್ದು! ಒಳಗೆ ಬಾ, ಕಾಫಿ ಆಗಿದೆ!"

"ಪರೀಕ್ಷೆ ಬರೆದ್ರೆ ಆ ದೇಶದಲ್ಲಿ ಪೊಲೀಸ್ನೋರು ಹಿಡೀತಾರೇನೇ?" ಅಂತ ಅಮ್ಮ. ಆಮೇಲೆ ಶುರುವಾಯಿತು ನೋಡಿ ನಮ್ಮಮ್ಮನ ಬ್ಯಾಕ್‌ಗ್ರೌಂಡ್ ಚೆಕ್. ಯಾವೂರು, ಯಾರ ಪೈಕಿ, ತವರುಮನೆ ಎಲ್ಲಿ, ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ... ಆಸ್ಟ್ರೇಲಿಯಾದ ಪೊಲೀಸರು ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಅಮ್ಮ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಸಿದಳು. ಆಂಟಿಯ ಹಾಸನದ ಚಿಕ್ಕಮ್ಮನ ವಾರಗಿತ್ತಿ ನಮ್ಮ ದೊಡ್ಡಮ್ಮನ ಜೊತೆ ಓದಿದವಳು ಅಂತ ಗೊತ್ತಾದ ಮೇಲೆ ಕನ್ವಿಕ್ಷನ್ನಿನ ಮಾತೇ ಎತ್ತಲಿಲ್ಲ. ರೂಮು ಗೊತ್ತಾಯಿತು.

ಆಗಿದ್ದಿಷ್ಟು. ಊರಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದ ಮೇಷ್ಟ್ರು ಸಿಡ್ನಿಗೆ ಬಂದು, ಇಲ್ಲಿಯ ಪರೀಕ್ಷೆಗಳನ್ನೂ ಪಾಸು ಮಾಡಿ, ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಆಂಟಿಯ ತಮ್ಮ ಓದಲು ಬಂದು ಅವರ ಮನೆಯಲ್ಲೇ ಇದ್ದ. ಪಿಆರ್‌ಗೆ ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಅವನು ಮತ್ತೆ ಮತ್ತೆ ಡುಮ್ಕಿ. ವೀಸಾ ಮುಗಿಯುತ್ತಾ ಬಂದಿತ್ತು. ಆಂಟಿ ಮೂರು ಹೊತ್ತೂ ಅತ್ತರು. "ನಿಮಗೆ ಇದು ನೀರು ಕುಡಿದ ಹಾಗೆ, ಒಂದು ಸಲ ಬರೆದುಕೊಟ್ಟುಬಿಡಿ" ಅಂದರು. ನಮ್ಮವರಿಗೆ ಇದೊಂದು ಚಾಳಿ. ಮನೆಯವರಿಗೆ ಮಾಡಿದ್ದೆಲ್ಲ ಸಹಾಯ, ಅದರಲ್ಲಿ ತಪ್ಪೆಲ್ಲಿ ಬಂತು? ಮೇಷ್ಟ್ರು ಕೂದಲಿಗೆ ಬಣ್ಣ ಹಚ್ಚಿಕೊಂಡು, ಭಾಮೈದನ ಪಾಸ್‌ಪೋರ್ಟ್ ಜೇಬಿಗಿಟ್ಟುಕೊಂಡು, ಅವನ ಜೀನ್ಸ್ ಪ್ಯಾಂಟು ಏರಿಸಿ ಹೊರಟೇಬಿಟ್ಟರು.

ಮಾತಿನ ಪರೀಕ್ಷೆಯಲ್ಲಿ "ನೀವು ಮೆಚ್ಚುವ ಒಬ್ಬ ವ್ಯಕ್ತಿಯ ಬಗ್ಗೆ ಹೇಳಿ" ಅಂತ ಕೇಳಿದರಂತೆ. ಮೇಷ್ಟ್ರು ಹಿಂದೆಮುಂದೆ ನೋಡದೆ "ನನ್ನ ಭಾವ" ಅಂದರಂತೆ. ಅವರು ಎಂಥ ವಿದ್ವಾಂಸರು, ಎಂಥ ಸಜ್ಜನರು, ಅವರ ಪ್ರಾಮಾಣಿಕತೆ ಎಂಥದ್ದು ಅಂತ ತಮ್ಮನ್ನು ತಾವೇ ಹೊಗಳಿಕೊಂಡು ಆಚೆ ಬಂದರೆ, ಭಾಮೈದನ ಹಳೇ ಪರೀಕ್ಷೆಯ ಫೋಟೊ ಹಿಡಿದುಕೊಂಡು ಇಬ್ಬರು ಪೊಲೀಸರು ಬಾಗಿಲಲ್ಲೇ ನಿಂತಿದ್ದರು. ಈ ಕಥೆ ಹೇಳುವಾಗೆಲ್ಲ ಆಂಟಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಬರೀ ನಗುವಿನ ನೀರಲ್ಲ ಅಂತ ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ಕೋರ್ಟು ಜೈಲಿಗೆ ಕಳಿಸಲಿಲ್ಲ, ಪಾರ್ಕು ಗುಡಿಸುವ ಸೇವೆ ಹಾಕಿತು. ಮೇಷ್ಟ್ರ ಪಿಆರ್ ಉಳಿದದ್ದೇ ದೊಡ್ಡದು. ಆದರೆ ಶಾಲೆಯಲ್ಲಿ ಪಾಠ ಹೇಳಲು ಬೇಕಾದ ಟೀಚರ್ ರಿಜಿಸ್ಟ್ರೇಷನ್ ಹೋಯಿತು. ಸಿಟಿಜನ್‌ಶಿಪ್‌ಗೆ ಹಾಕಿದ ಅರ್ಜಿ, ನಡತೆ ಸರಿಯಿಲ್ಲ ಅಂತ ವಾಪಸ್ ಬಂತು, ಹಾಗಾಗಿ ವೋಟೂ ಇಲ್ಲ. ಭಾಮೈದ ಊರಿಗೆ ಹೋದ. ಹೋದವನು ಸುಮ್ಮನೆ ಕೂತನೇ? ಇಂಗ್ಲಿಷ್ ಕೋಚಿಂಗ್ ಸೆಂಟರ್ ತೆಗೆದ! ಚೆನ್ನಾಗಿ ನಡೆಯುತ್ತಿದೆಯಂತೆ. "ಅವನೂ ಒಂದು ಕ್ಲಾಸಲ್ಲಿ ನಿಂತ ನೋಡು" ಅಂತ ಮೇಷ್ಟ್ರು ಒಮ್ಮೆ ನನ್ನ ಹತ್ತಿರ ಅಂದಿದ್ದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಸಿಟಿಜನ್‌ಶಿಪ್ಪೂ ಬೇಡ, ವೋಟೂ ಬೇಡ, ಇನ್ನೊಂದು ಸಲ ಒಂದು ಕ್ಲಾಸಿನ ಮುಂದೆ ನಿಲ್ಲಬೇಕು.

ಯಾರಿಗೂ ಗೊತ್ತಿಲ್ಲದ ಊರಿರಲಿ ಅಂತ ಗಂಡ ಹೆಂಡತಿ ಸಿಡ್ನಿ ಬಿಟ್ಟು ಮೆಲ್ಬರ್ನ್‌ಗೆ ಬಂದರು. ಬಂದು, ಎಲ್ಲರಿಗೂ ತಾವೇ ಹೇಳಿದರು. ಅದಕ್ಕೂ ಕಾರಣವಿತ್ತು. ಇಲ್ಲಿ ಮೊದಲು ಸಿಕ್ಕಿದ್ದು ಗೋದಾಮಿನಲ್ಲಿ ಡಬ್ಬ ಜೋಡಿಸುವ ಕೆಲಸ. ಫಾರಂನಲ್ಲಿ ಕನ್ವಿಕ್ಷನ್ ಇದೆಯೇ ಅಂತ ಕೇಳಿದ್ದ ಕಡೆ ಇವರು ಮುಜುಗರಪಟ್ಟು ಖಾಲಿ ಬಿಟ್ಟರು. ಆಮೇಲೆ ಪೊಲೀಸ್ ಚೆಕ್ ಬಂತು. "ಪರೀಕ್ಷೆ ಬರೆದದ್ದಕ್ಕಲ್ಲ, ನಮಗೆ ಹೇಳದೆ ಇದ್ದದ್ದಕ್ಕೆ" ಅಂತ ಮನೆಗೆ ಕಳಿಸಿದರು. ಆವತ್ತಿನಿಂದ ಮೇಷ್ಟ್ರಿಗೆ ಹೇಳುವ ರೋಗ ಹತ್ತಿತು. ಮುಂದಿನ ಗೋದಾಮಿನವನಿಗೆ ಹೇಳಿದರು, ಸರಿ. ತರಕಾರಿ ಅಂಗಡಿಯವನಿಗೂ ಹೇಳಿದರು. ಹಲ್ಲು ಕೀಳಲು ಬಾಯಿ ತೆಗೆ ಅಂದರೆ ಡಾಕ್ಟರಿಗೂ ಹೇಳಿದರು. ಒಂದು ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತು, ಪಾಯಸ ಬಡಿಸುತ್ತಿದ್ದವನ ಸೌಟು ತಡೆದು ಹೇಳಿದರು. ಎಲ್ಲಿ ಹೇಳಿದರೂ ಹಿಂದಿನಿಂದ ಆಂಟಿಯ ದನಿ ತಯಾರು: "ಕೊಲೆ ಅಲ್ಲ, ಪರೀಕ್ಷೆ!"

ದೇವಸ್ಥಾನದ್ದಂತೂ ನಾನು ಕಣ್ಣಾರೆ ಕಂಡದ್ದು. ಅರ್ಚಕರು ಗೋತ್ರ ಕೇಳಿದರು, ಹೇಳಿದರು. ನಕ್ಷತ್ರ ಕೇಳಿದರು, ಹೇಳಿದರು. ಆಮೇಲೆ ಇವರು ಸ್ವಲ್ಪ ಮುಂದೆ ಬಾಗಿ, "ಸ್ವಾಮೀ, ಒಂದು ಕನ್ವಿಕ್ಷನ್ನೂ ಇದೆ, ಸಂಕಲ್ಪದಲ್ಲಿ ಸೇರಿಸ್ಬೇಕಾ?" ಅಂದರು. ಅರ್ಚಕರು ಗಂಟೆ ಕೆಳಗಿಟ್ಟು, "ದೇವರ ಹತ್ರ ಪೊಲೀಸ್ ಚೆಕ್ ಇಲ್ಲ ಸ್ವಾಮಿ, ಕೈ ಚಾಚಿ" ಅಂದು ತೀರ್ಥ ಹಾಕಿದರು. ನಾನು ಕಂಬದ ಹಿಂದೆ ಹೋಗಿ ನಕ್ಕೆ.

ಭಾನುವಾರದ ಕನ್ನಡ ಕ್ಲಾಸಿಗೆ ಮೇಷ್ಟ್ರು ಬೇಕು ಅಂದಾಗಲೂ ಇವರು ಓಡಿಹೋಗಿ, ಮೊದಲು ಕನ್ವಿಕ್ಷನ್ ಹೇಳಿ, ಆಮೇಲೆ ಹೆಸರು ಹೇಳಿದರು. ಅಲ್ಲಿದ್ದವರು ಬಹಳ ಮರ್ಯಾದಸ್ಥರು. "ನೋಡೋಣ ಸಾರ್" ಅಂದರು. ನಮ್ಮಲ್ಲಿ "ನೋಡೋಣ" ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಕೊನೆಗೆ ಅವರಿಗೆ ಕುರ್ಚಿ ಜೋಡಿಸುವ ಜವಾಬ್ದಾರಿ ಕೊಟ್ಟರು. ಮೇಷ್ಟ್ರು ಕುರ್ಚಿಗಳನ್ನು ಸಾಲಾಗಿ ಜೋಡಿಸಿ, ಮಕ್ಕಳು ಬರುವ ಮೊದಲು ಒಂದು ಗಳಿಗೆ ಆ ಖಾಲಿ ಸಾಲುಗಳ ಮುಂದೆ ನಿಂತಿದ್ದು ಆಚೆ ಬರುತ್ತಿದ್ದರು. ಒಳಗೆ ಪಾಠ ಹೇಳುತ್ತಿದ್ದವನಿಗೆ ಒತ್ತಕ್ಷರವೇ ಸರಿಯಾಗಿ ಬರುತ್ತಿರಲಿಲ್ಲ!

ಹೀಗಿರುವಾಗ ಶಿಕ್ಷೆಯಾಗಿ ಹತ್ತನೇ ವರ್ಷ ತುಂಬಿತು. ಮತ್ತೆ ಯಾವ ತಪ್ಪೂ ಮಾಡದೆ ಹತ್ತು ವರ್ಷ ಕಳೆದರೆ ಇಂಥ ಸಣ್ಣ ಕನ್ವಿಕ್ಷನ್ ಸವೆದುಹೋದ ಹಾಗೆ, ಇನ್ನು ಹೇಳಬೇಕಾಗಿಲ್ಲ, ಪೊಲೀಸ್ ಚೆಕ್ಕಿನಲ್ಲೂ ಬರುವುದಿಲ್ಲ ಅಂತ ವಕೀಲರು ಹೇಳಿದರು. ಮಕ್ಕಳ ಶಾಲೆಗೆ ಮಾತ್ರ ನೂರು ವರ್ಷವಾದರೂ ಹೇಳಲೇಬೇಕಂತೆ. ದೊಡ್ಡವರಿಗೆ ಪಾಠ ಹೇಳುವುದಕ್ಕೆ ಬೇಡವಂತೆ. ಆಂಟಿ ಆವತ್ತು ಹೋಳಿಗೆ ಮಾಡಿದರು. ಮೇಷ್ಟ್ರು ಹೋಳಿಗೆ ತಿಂದು, ತಟ್ಟೆ ತೊಳೆದು, ಬಾಗಿಲಿಗೆ ಬಂದ ಕೊರಿಯರ್ ಹುಡುಗನಿಗೆ ಕನ್ವಿಕ್ಷನ್ ಹೇಳಿ ಪಾರ್ಸೆಲ್ ತೆಗೆದುಕೊಂಡರು.

ಬಾಕ್ಸ್ ಹಿಲ್‌ನಲ್ಲಿ ಹೊಸದಾಗಿ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುವ ಒಂದು ಕಡೆ ಮೇಷ್ಟ್ರು ಬೇಕಾಗಿದ್ದಾರೆ ಅಂತ ನಾನೇ ಹುಡುಕಿ, ಅರ್ಜಿಯನ್ನೂ ಹಾಕಿಸಿದೆ. ಇಂಟರ್‌ವ್ಯೂಗೆ ಕರೆದರು. ಹೊರಡುವಾಗ ಆಂಟಿ ಕೋಟಿನ ಗುಂಡಿ ಹಾಕುತ್ತಾ ಆಣೆ ಮಾಡಿಸಿಕೊಂಡರು. "ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳಿ. ನಿಮ್ಮ ದಮ್ಮಯ್ಯ ಅಂತೀನಿ. ನನ್ನ ತಮ್ಮನಿಗೋಸ್ಕರ ಎಲ್ಲ ಕಳಕೊಂಡ್ರಿ, ನನಗೋಸ್ಕರ ಇದೊಂದು ಮಾಡಿ" ಅಂದರು. ಆಗ ಅವರು ನಗುತ್ತಿರಲಿಲ್ಲ.

ಕಾರಿನಲ್ಲಿ ದಾರಿಯುದ್ದಕ್ಕೂ ನಾನು ಇಂಟರ್‌ವ್ಯೂ ಮಾಡುವವಳಾದೆ. "ನಿಮ್ಮ ಬಗ್ಗೆ ಹೇಳಿ ಸರ್" ಅಂದರೆ ಸಾಕು, ಅವರ ಬಾಯಿ "ಮೊದಲೇ..." ಅಂತ ಶುರುಮಾಡುತ್ತಿತ್ತು, ನಾನು ಹಾರ್ನ್ ಹೊಡೆಯುತ್ತಿದ್ದೆ. ಪಕ್ಕದ ಕಾರಿನವರೆಲ್ಲ ನಮ್ಮನ್ನು ಬೈದರು. ಇಳಿಯುವ ಹೊತ್ತಿಗೆ ಒಂದು ಸಲ ಸರಿಯಾಗಿ ಹೇಳಿದರು. ನಾನು ಕಾರಿನಲ್ಲೇ ಕೂತು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಹೊರಗೆ ಬಂದವರ ಮುಖ ನೋಡಿ, ಹೊತ್ತ ಹರಕೆಗಳೆಲ್ಲ ದಂಡವಾದವು ಅಂದುಕೊಂಡೆ. ಕಾರು ಹತ್ತಿದರು, ಬೆಲ್ಟು ಹಾಕಿಕೊಂಡರು. ಅಷ್ಟರಲ್ಲಿ ಆಂಟಿಯ ಫೋನು.

"ಹೇಳಿದ್ರಾ?"

"ಹೇಳ್ದೆ ಕಣೇ."

"ಅಯ್ಯೋ ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ!"

"ಪೂರ್ತಿ ಕೇಳು. ನಾನು ಟೀಚರ್ ಅಂದೆ. ಅಷ್ಟೇ ಅಂದು ನಿಲ್ಲಿಸೋಕೆ ನನ್ನ ಕೈಲಿ ಆಗಲಿಲ್ಲ, ಅದನ್ನೂ ಹೇಳ್ಬಿಟ್ಟೆ. ಆ ಯಮ್ಮ, ಅದು ನಾನು ಕೇಳಿಲ್ಲ, ಕೇಳೋ ಹಾಗೂ ಇಲ್ಲ, ಸೋಮವಾರದಿಂದ ಬರೋಕಾಗತ್ತಾ ಅಂದ್ರು." ಮೇಷ್ಟ್ರು ಕನ್ನಡಕ ತೆಗೆದು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಪಾರ್ಕಿಂಗ್ ಟೈಮ್ ಮುಗಿದು ಫೈನ್ ಬಿತ್ತು, ಬೀಳಲಿ ಅಂತ ಬಿಟ್ಟೆ.

ಅವರಿಗೆ ಕೊಟ್ಟ ಕ್ಲಾಸು ಯಾವುದು ಅಂತೀರಿ? ಅದೇ ಪಿಆರ್ ಪರೀಕ್ಷೆಗೆ ತಯಾರು ಮಾಡುವುದು! ಮೊದಲ ದಿನವೇ ಹುಡುಗ ಹುಡುಗಿಯರಿಗೆಲ್ಲ ತಮ್ಮ ಕಥೆ ಹೇಳಿ, "ಈ ಪರೀಕ್ಷೆ ನಿಮ್ಮ ಪರವಾಗಿ ನಾನು ಬರೆಯಲ್ಲ, ಕೇಳ್ಬೇಡಿ" ಅಂದರಂತೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತಂತೆ. ಸಂಜೆ ಮನೆಗೆ ಬಂದು ಫ್ರಿಜ್ಜಿನ ಮುಂದೆ ಹೋಗಲೇ ಇಲ್ಲ. ಬರೆದು ಬರೆದು ಕೈ ನೋಯುತ್ತಿದೆ ಅಂತ ಖುಷಿಯಿಂದ ಎಲ್ಲರಿಗೂ ತೋರಿಸಿದರು. ನಾಲ್ಕು ವರ್ಷ ಹಾಗೆ ಪಾಠ ಹೇಳಿದರು... ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಕ್ಲಾಸಿಗೆ ಅಂತ ಶೂ ಹಾಕಿಕೊಳ್ಳುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟರು.

ಅಂತ್ಯಸಂಸ್ಕಾರ ಮಾಡಿಸುವ ಆಫೀಸಿಗೆ ಆಂಟಿಯ ಜೊತೆ ನಾನೇ ಹೋಗಿದ್ದೆ, ಮಗಳ ವಿಮಾನ ಸಿಡ್ನಿಯಿಂದ ಇನ್ನೂ ಬಂದಿರಲಿಲ್ಲ. ಮರಣ ನೋಂದಣಿಗೆ ಅಂತ ಅಲ್ಲಿಯ ಹುಡುಗ ಒಂದೊಂದೇ ಕೇಳಿ ಬರೆದುಕೊಂಡ. ಹುಟ್ಟಿದ ಊರು, ತಂದೆ ತಾಯಿ, ಮದುವೆ. ಉದ್ಯೋಗ ಅಂದಾಗ, ಆವರೆಗೆ ಎಲ್ಲವನ್ನೂ ನನ್ನ ಬಾಯಲ್ಲಿ ಹೇಳಿಸುತ್ತಿದ್ದ ಆಂಟಿ ತಾವೇ ತಲೆಯೆತ್ತಿ "ಟೀಚರ್" ಅಂದರು.

ಮೊನ್ನೆ ಮೀಟಿಂಗ್ ಮುಗಿದ ಮೇಲೆ ತಡೆಯಲಾರದೆ ಆಂಟಿಗೆ ಫೋನ್ ಮಾಡಿದೆ. ಈಗ ಮಗಳ ಮನೆಯಲ್ಲಿದ್ದಾರೆ, ಸಿಡ್ನಿಯಲ್ಲಿ. ಮೊಮ್ಮಕ್ಕಳು ಇಂಗ್ಲಿಷಿನಲ್ಲೇ ಮಾತಾಡುತ್ತವೆ ಅಂತ ಗೊಣಗಿದರು. ಮೇಷ್ಟ್ರು ತುಂಬಾ ನೆನಪಾದರು ಆಂಟಿ, ಒಂದೊಂದು ಸಲ ತಡೆಯೋಕೇ ಆಗಲ್ಲ ಅಂದೆ. ಮಾತು ಹೇಗೋ ಆ ಆಫೀಸಿನ ದಿನಕ್ಕೆ ಹೋಯಿತು.

"ಟೀಚರ್ ಅಂದ ಮೇಲೂ ನಾನು ಕಾಯ್ತಾನೇ ಇದ್ದೆ ಕಣಮ್ಮಾ. ಈಗ ಕನ್ವಿಕ್ಷನ್ ಕೇಳ್ತಾನೆ, ಇನ್ನೇನು ಕೇಳ್ತಾನೆ ಅಂತ. ಆ ಹುಡುಗ ಪೆನ್ನು ಮುಚ್ಚಿ, ಅಷ್ಟೇ ಅಂದ." ಆಂಟಿ ನಕ್ಕರು. "ಇಷ್ಟು ವರ್ಷದಲ್ಲಿ ಅದನ್ನು ಕೇಳದೆ ಇದ್ದ ಫಾರಂ ಅದೊಂದೇ. ನೋಡೋಕೆ ಅವರೇ ಇರಲಿಲ್ಲ."